ಅಂಗಳವಿಲ್ಲದ ಮನೆ ಬೇಕು ಅಂದರೆ ಸ್ವಾರ್ಥವಾ?

ಪ್ರಶ್ನೆ: ನಮ್ಮ ಯಜಮಾನರು ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವ ಕೆಲಸ. ಮದುವೆಯಾದಾಗಿನಿಂದ, ಅಂದರೆ ಒಂಬತ್ತು ವರ್ಷದಿಂದ, ತೋಟದ ಕ್ವಾರ್ಟರ್ಸ್‌ನಲ್ಲೇ ಇದ್ದೇವೆ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಅತ್ತೆಯೂ ಜೊತೆಗಿದ್ದಾರೆ, ಅವರಿಗೆ ಮಂಡಿನೋವು. ಮಕ್ಕಳ ಓದಿಗಾಗಿ ಜೂನ್ ಒಳಗೆ ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಮಾಡುವುದು ಅಂತ ತೀರ್ಮಾನವಾಗಿದೆ. ಇವರು ತೋಟಕ್ಕೆ ದಿನಾ ಬೈಕಿನಲ್ಲಿ ಹೋಗಿ ಬರುತ್ತಾರೆ. ಕಡೂರು ರಸ್ತೆ ಕಡೆ ಹೊಸ ಬಡಾವಣೆಯಲ್ಲಿ ಒಂದು ಮನೆ ಇವರಿಗೆ ತುಂಬಾ ಇಷ್ಟವಾಗಿದೆ. ಸುತ್ತ ಜಾಗ, ಒಳ್ಳೆ ಗಾಳಿ ಬೆಳಕು. ಮುಂದೆ ಅಲ್ಲೇ ಸೈಟ್ ತಗೊಳ್ಳುವ ಆಸೆಯೂ ಇದೆ. ನನಗೆ ಬಸವನಹಳ್ಳಿಯಲ್ಲಿ ಅಕ್ಕನ ಮನೆ ಹತ್ತಿರ ಒಂದು ಹಳೇ ಮನೆ ಇಷ್ಟ. ಚಿಕ್ಕದು, ಅಂಗಳ ಇಲ್ಲ, ಬಾಡಿಗೆಯೂ ಸ್ವಲ್ಪ ಜಾಸ್ತಿ. ಆದರೆ ಶಾಲೆ, ಅಂಗಡಿ ಎಲ್ಲಕ್ಕೂ ನಡೆದೇ ಹೋಗಬಹುದು. “ತೋಟದಲ್ಲಿ ಓಡಾಡಿಕೊಂಡು ಬೆಳೆದ ಮಕ್ಕಳನ್ನ ಗೂಡಿಗೆ ಹಾಕ್ತೀಯಾ? ನಿಂಗೆ ನಿಮ್ಮಕ್ಕ ಹತ್ರ ಇದ್ರೆ ಸಾಕು” ಅಂತಾರೆ ಇವರು. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಮದುವೆಗೆ ಮುಂಚೆ ಹೊಲಿಗೆ ಕಲಿತಿದ್ದೆ, ಮಿಷನ್ ಈಗ ಮೂಲೆ ಸೇರಿದೆ. ಒಂಬತ್ತು ವರ್ಷ ಒಂದು ಸೂಜಿ ಬೇಕಂದ್ರೂ ಇವರ ಬೈಕ್ ಬರಲಿ ಅಂತ ಕಾದಿದ್ದೇನೆ. ಮಕ್ಕಳ ಹೆಸರು ಹೇಳಿ ನನ್ನ ಅನುಕೂಲ ನೋಡಿಕೊಳ್ಳುತ್ತಿದ್ದೇನಾ? ನಾನು ಸ್ವಾರ್ಥಿಯಾ?
(ಹೆಸರು ಬೇಡ)

ಉತ್ತರ: ಇಲ್ಲ ತಂಗೀ, ನೀವು ಸ್ವಾರ್ಥಿ ಅಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಆ ಸೂಜಿಯ ಮಾತು ಬಂದಾಗ ಮುಂದೆ ಓದಲಾಗದೆ ನಿಂತೆ. ಈ ಮಾತನ್ನು ನಿಮ್ಮ ಯಜಮಾನರಿಗೆ ಯಾವತ್ತಾದರೂ ಹೀಗೇ ಹೇಳಿದ್ದೀರಾ? ಹೇಳಿರಲಿಕ್ಕಿಲ್ಲ ಅನ್ನಿಸುತ್ತದೆ. “ಅಕ್ಕನ ಮನೆ ಹತ್ರ ಇರುತ್ತೆ” ಅಂತ ಮಾತ್ರ ಹೇಳಿರುತ್ತೀರಿ. ಅವರ ಕಿವಿಗೆ ಬಿದ್ದಿದ್ದೂ ಅಷ್ಟೇ.

ಮೊದಲು ಪೇಟೆಗೆ ಬಂದ ಮೇಲೆ ಯಾರ ದಿನ ಹೇಗೆ ಕಳೆಯುತ್ತದೆ ಅಂತ ಇಬ್ಬರೂ ಕೂತು ಲೆಕ್ಕ ಹಾಕಿ. ರೈಟರ್ ಕೆಲಸ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಳುಗಳ ಚೆಕ್‌ರೋಲ್ (ಹಾಜರಿ) ಹೊತ್ತಿಗೆ ಅವರು ತೋಟದಲ್ಲಿರಬೇಕು. ಶಾಲೆಯ ಗಂಟೆ ಹೊಡೆಯುವುದು ಅದಾದ ಎಷ್ಟೋ ಹೊತ್ತಿಗೆ. ಹಾಗಾಗಿ “ನಾನೇ ಮಕ್ಕಳನ್ನ ಬಿಟ್ಟು ಹೋಗ್ತೀನಿ” ಅನ್ನುವುದು ನಡೆಯುವ ಮಾತಲ್ಲ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಸಂಜೆ ಹಣ್ಣು ತೂಕ ಹಾಕಿ, ಲೆಕ್ಕ ಬರೆದು, ಮನೆ ಸೇರುವಷ್ಟರಲ್ಲಿ ಕತ್ತಲು. ಹೆಚ್ಚುಕಡಿಮೆ ಮಾರ್ಚ್‌ವರೆಗೂ ಇದೇ ಪಾಡು. ಬೆಳಿಗ್ಗೆ ಮಗಳನ್ನು ಬಿಡುವುದು, ಮಧ್ಯಾಹ್ನ ಮಗನನ್ನು ಕರೆತರುವುದು, ಅತ್ತೆಯ ಮಾತ್ರೆ, ಹಾಲು, ತರಕಾರಿ, ಎಲ್ಲವೂ ನಿಮ್ಮ ಕಾಲಿನ ಮೇಲೆಯೇ ನಡೆಯಬೇಕು. ನಿಮ್ಮ ಅನುಕೂಲ ಬೇರೆ, ಮಕ್ಕಳ ಅನುಕೂಲ ಬೇರೆ ಅಂತ ನೀವು ಯಾಕೆ ವಿಂಗಡಿಸುತ್ತೀರಿ? ಮೂರು ವರ್ಷದ ಮಗುವಿನ ಅನುಕೂಲ ಎಲ್ಲಾ ಅಮ್ಮನ ಕೈಯಲ್ಲೇ ಇರುತ್ತದೆ, ಅಲ್ವಾ?

ಇನ್ನೊಂದು ವಿಷಯ ಅವರು ಗಮನಿಸಿದಂತಿಲ್ಲ. ಚಿಕ್ಕಮಗಳೂರು ಪೇಟೆಯಿಂದ ಆಲ್ದೂರು ಒಂದು ದಿಕ್ಕಿಗೆ, ಕಡೂರು ರಸ್ತೆ ಅದರ ಎದುರು ದಿಕ್ಕಿಗೆ. ಅಲ್ಲಿ ಮನೆ ಮಾಡಿದರೆ ದಿನಾ ಎರಡು ಹೊತ್ತೂ ಇಡೀ ಪೇಟೆ ದಾಟಬೇಕು. ಮಳೆಗಾಲದಲ್ಲಿ ರೇನ್‌ಕೋಟ್ ಹಾಕಿಕೊಂಡು ಬೈಕಿನಲ್ಲಿ ಹೋಗುವವರಿಗೆ ಅಷ್ಟು ದೂರ ಉಳಿದರೂ ದೊಡ್ಡದು. ಇದನ್ನು ವಾದಕ್ಕೆ ಅಂತ ಹೇಳಬೇಡಿ, ಅವರ ಮೇಲಿನ ಕಾಳಜಿಯಿಂದ ಹೇಳಿ. ಬಸವನಹಳ್ಳಿಯಲ್ಲಿ ಜಾಸ್ತಿ ಕೊಡುವ ಬಾಡಿಗೆಯಲ್ಲಿ ಒಂದು ಪಾಲು ಆಟೋ ಮತ್ತು ಪೆಟ್ರೋಲ್ ಉಳಿತಾಯದಲ್ಲೇ ಹೊಂದಿಕೊಳ್ಳಬಹುದು. ಒಂದು ಹಾಳೆಯ ಮೇಲೆ ಬರೆದು ನೋಡಿ.

ಹಾಗಂತ ಅವರ ಮಾತನ್ನು ತಳ್ಳಿಹಾಕಬೇಡಿ. “ಗೂಡು” ಅಂದಿದ್ದು ನಿಮ್ಮನ್ನು ನೋಯಿಸಲಿಕ್ಕಲ್ಲ. ತೋಟದ ಸಿಲ್ವರ್ ಓಕ್ ಮರಗಳ ನಡುವೆ ಬರಿಗಾಲಲ್ಲಿ ಓಡುವ ಮಗನನ್ನು ಅವರು ದಿನಾ ನೋಡಿದ್ದಾರೆ. ಅದು ತಪ್ಪಿಹೋಗುತ್ತದೆ ಅನ್ನುವ ಸಂಕಟ ಅವರದು. ನಿಜಕ್ಕೂ ತಪ್ಪುತ್ತದೆ, ಯಾವ ಬಡಾವಣೆಗೆ ಹೋದರೂ ತಪ್ಪುತ್ತದೆ. ತೋಟದಲ್ಲಿ ಖಾಲಿ ಜಾಗ ಇದ್ದರೂ ಅದರ ಮೇಲೆ ಹತ್ತು ಕಣ್ಣು ಇರುತ್ತಿತ್ತು. ಲೈನ್ ಮನೆಯ (ಆಳುಗಳ ಸಾಲುಮನೆ) ಹೆಂಗಸರು, ಡ್ರೈವರ್, ಆಳುಗಳು, ಎಲ್ಲರಿಗೂ ರೈಟ್ರ ಮಗ ಯಾರು ಅಂತ ಗೊತ್ತು. ಹೊಸ ಬಡಾವಣೆಯ ಖಾಲಿ ಜಾಗಕ್ಕೆ ಆ ಕಣ್ಣುಗಳಿಲ್ಲ.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ನನ್ನ ಮಗನಿಗೆ ನಾಲ್ಕು ವರ್ಷ ಇದ್ದಾಗ ನಾವು ಹಾಸನದ ಹೊರಗೆ ಹೊಸದಾಗಿ ಎದ್ದ ಬಡಾವಣೆಯೊಂದರಲ್ಲಿ ಮನೆ ಮಾಡಿದ್ದೆವು. ಗಾಳಿ, ಬೆಳಕು, ಜಾಗ, ಎಲ್ಲಾ ಇತ್ತು. ಅಕ್ಕಪಕ್ಕದ ಸೈಟುಗಳಲ್ಲಿ ಎದೆಯೆತ್ತರ ಪಾರ್ಥೇನಿಯಂ. ಎದುರು ಸೈಟಿನಲ್ಲಿ ಪಾಯ ತೆಗೆದು ಬಿಟ್ಟಿದ್ದರು, ಮಳೆಗೆ ಗುಂಡಿ ತುಂಬಿತ್ತು. ಒಂದು ಸಂಜೆ ಒಲೆಯ ಮೇಲಿನ ಹಾಲು ಇಳಿಸಿ ಹೊರಗೆ ಬಂದರೆ ಮಗ ಇಲ್ಲ. ಗುಂಡಿಯ ಹತ್ತಿರ ಓಡಿದೆ. ಕೆಂಪು ನೀರಿನ ಮೇಲೆ ಅವನ ನೀಲಿ ಚಪ್ಪಲಿ ಒಂದೇ ಒಂದು ತೇಲುತ್ತಿತ್ತು. ಕೂಗಲು ಬಾಯಿ ಬರಲಿಲ್ಲ, ಕೂಗಿದ್ದರೂ ಕೇಳುವವರು ಇರಲಿಲ್ಲ. ಅವನು ಮರಳ ಗುಡ್ಡೆಯ ಹಿಂದೆ ಕೂತು ಇನ್ನೊಂದು ಚಪ್ಪಲಿಗೆ ಮರಳು ತುಂಬುತ್ತಿದ್ದ. ಇಷ್ಟು ವರ್ಷವಾದರೂ ಆ ನೀಲಿ ಬಣ್ಣ ಕಣ್ಣ ಮುಂದಿದೆ. ಎಲ್ಲಾ ಹೊಸ ಬಡಾವಣೆಯೂ ಹೀಗೇ ಇರುತ್ತದೆ ಅಂತಲ್ಲ. ನಿಮ್ಮವರು ನೋಡಿದ ಮನೆಯ ಸುತ್ತ ಎಷ್ಟು ಮನೆಯಲ್ಲಿ ಜನ ಇದ್ದಾರೆ, ಎಷ್ಟು ಸೈಟ್ ಖಾಲಿ ಇದೆ, ಒಮ್ಮೆ ಎಣಿಸಿ ಬನ್ನಿ.

ಬಸವನಹಳ್ಳಿಯ ಮನೆಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು. ಅಕ್ಕ ಇದ್ದಾಳೆ ಅಂತ ಸುಮ್ನೆ ಒಪ್ಪಬೇಡಿ. ಶಾಲೆ ನಡೆಯುತ್ತಿರುವ ಒಂದು ದಿನ ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಮಗಳ ಕೈ ಹಿಡಿದು ಆ ಮನೆಯಿಂದ ಶಾಲೆಯವರೆಗೆ ನಡೆಯಿರಿ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮವಿದೆ. ಆದರೆ ನೀವು ದೂರಕ್ಕಿಂತ ಜಾಸ್ತಿ ನೋಡಬೇಕಾದ್ದು ದಾಟುವ ರಸ್ತೆಗಳನ್ನು. ಪೇಟೆಯ ಮುಖ್ಯ ರಸ್ತೆಯಾದ ಐ.ಜಿ. ರಸ್ತೆ ದಾಟಬೇಕಾ, ಬೇಡವಾ? ದಾಟಬೇಕು ಅಂತಾದರೆ ಇನ್ನೂ ಕೆಲವು ವರ್ಷ ಅವಳನ್ನು ಒಬ್ಬಳೇ ಕಳಿಸುವ ಹಾಗಿಲ್ಲ. ರಜೆಯ ದಿನ ಒಮ್ಮೆ ನೋಡಿ, ಮುಳ್ಳಯ್ಯನಗಿರಿ ಕಡೆ ಹೊರಟ ಹೊರಗಿನ ಕಾರುಗಳಿಂದ ಪೇಟೆಯ ರೂಪವೇ ಬೇರೆಯಾಗಿರುತ್ತದೆ. ಮಗನಿಗೆ ಮೂರು ತುಂಬಿದ್ದರೆ ಅಂಗನವಾಡಿಗೆ ಸೇರಿಸಬಹುದು. ಅದು ಯಾವ ಬೀದಿಯಲ್ಲಿದೆ, ಮಕ್ಕಳು ಎಷ್ಟಿದ್ದಾರೆ ಅಂತ ಅವತ್ತೇ ನೋಡಿಕೊಂಡು ಬನ್ನಿ.

ಹಳೇ ಮನೆ ಬೇಸಿಗೆಯಲ್ಲಿ ಚೆನ್ನಾಗೇ ಕಾಣುತ್ತದೆ. ಗೋಡೆಯ ಬುಡ ಮುಟ್ಟಿ ನೋಡಿ. ಸುಣ್ಣ ಉಬ್ಬಿದ್ದರೆ, ಬೀರು ಇಟ್ಟಿದ್ದ ಜಾಗದಲ್ಲಿ ಕಪ್ಪು ಬೂಷ್ಟಿನ ಗುರುತಿದ್ದರೆ ಮಳೆಗಾಲದಲ್ಲಿ ಮಗನಿಗೆ ಕೆಮ್ಮು ತಪ್ಪಿದ್ದಲ್ಲ. ಸಂಪಿನ ಮುಚ್ಚಳಕ್ಕೆ ಬೀಗ ಹಾಕುವ ಹಾಗಿದೆಯಾ? ತಾರಸಿಯ ಗೋಡೆ ಮಗನ ತಲೆಗಿಂತ ಎತ್ತರ ಇದೆಯಾ? ಅತ್ತೆಗೆ ಬಚ್ಚಲಿಗೆ ಹೋಗಲು ಎಷ್ಟು ಮೆಟ್ಟಿಲು? ಅತ್ತೆಯನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅವರ ಮಂಡಿಗೆ ಗೊತ್ತಾಗುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಚಿಕ್ಕಮಗಳೂರಿಗೆ ಯಗಚಿಯಿಂದ, ಹಿರೇಕೊಳಲೆ ಕೆರೆಯಿಂದ ನೀರು ಬರುತ್ತದೆ. ಆದರೆ ನಿಮ್ಮ ಬೀದಿಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಅಂತ ಮನೆ ಓನರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ.

ಮತ್ತೆ ಸಂಜೆ ಐದು ಗಂಟೆಗೆ ಒಮ್ಮೆ ಹೋಗಿ. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರಾ? ಜಗುಲಿ ಮೇಲೆ ಯಾರಾದರೂ ಕೂತಿದ್ದಾರಾ? ಇದ್ದರೆ ಅಂಗಳ ಇಲ್ಲದಿದ್ದರೂ ನಿಮ್ಮ ಮಕ್ಕಳಿಗೆ ಆಟಕ್ಕೆ ಜೊತೆ ಸಿಕ್ಕಿತು. ಯಜಮಾನರನ್ನು ಕರೆದುಕೊಂಡೇ ಹೋಗಿ, ಅವರೂ ನೋಡಲಿ. ಬಾಗಿಲು ಹಾಕಿಕೊಂಡು ಬೈಕುಗಳು ಮಾತ್ರ ಓಡುವ ಬೀದಿಯಾದರೆ ಅವರು ಹೇಳಿದ ಗೂಡಿನ ಮಾತು ನಿಜವಾಗುತ್ತದೆ. ಆಗ ಅದೇ ಸುತ್ತಮುತ್ತ, ಇಲ್ಲಾ ಚಿಕ್ಕಮಗಳೂರಿನದೇ ವಿಜಯಪುರ ಬಡಾವಣೆಯಲ್ಲಿ ಬೇರೆ ಮನೆ ಹುಡುಕಿ.

ಮಕ್ಕಳು ಓಡಾಡಲು ಭಾನುವಾರ ರತ್ನಗಿರಿ ಬೋರೆಯ ಪಾರ್ಕ್ ಇದ್ದೇ ಇದೆ. ಅದಕ್ಕಿಂತ ಒಳ್ಳೆಯದು ಅಂದರೆ, ರಜೆ ಬಂದಾಗ ಮಕ್ಕಳನ್ನು ತೋಟಕ್ಕೆ ಕರೆದೊಯ್ಯುವ ಜವಾಬ್ದಾರಿ ಅವರಿಗೇ ಬಿಡಿ. ಕಾಫಿ ಹೂ ಬಿಟ್ಟಾಗ, ಕೊಯ್ಲಿನ ಕಾಲದಲ್ಲಿ, ಅಪ್ಪನ ಜೊತೆ ಒಂದು ದಿನ. ತೋಟ ಅವರ ಕೈಯಿಂದಲೇ ಮಕ್ಕಳಿಗೆ ಸಿಗುತ್ತಿರಲಿ. ಬೈಕಿನಲ್ಲಿ ಹೋಗುವಾಗ ಮಾತ್ರ ಜೋಪಾನ. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಮತ್ತು ಬೆಲ್ಟ್ ಕಡ್ಡಾಯ, ಗಾಡಿ ಗಂಟೆಗೆ 40 ಕಿಲೋಮೀಟರ್ ದಾಟಬಾರದು ಅಂತ 2022ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಸೈಟಿನ ವಿಷಯವನ್ನು ಇದಕ್ಕೆ ಬೆರೆಸಬೇಡಿ. ಅವರ ಆಸೆ ಒಳ್ಳೆಯದೇ. ಭೂಪರಿವರ್ತನೆ ಆದೇಶ, ಅನುಮೋದನೆಯಾದ ಬಡಾವಣೆ ನಕ್ಷೆ, ಇ-ಖಾತಾ, ಇ.ಸಿ. (ಋಣಭಾರ ಪ್ರಮಾಣಪತ್ರ), ಈ ನಾಲ್ಕನ್ನೂ ವಕೀಲರಿಗೆ ತೋರಿಸಿ ಧಾರಾಳವಾಗಿ ತಗೊಳ್ಳಲಿ. ಇವತ್ತು ಸೈಟ್ ತಗೊಂಡು ಮಗ ಸೈಕಲ್ ಕಲಿತ ಮೇಲೆ ಮನೆ ಕಟ್ಟಬಹುದು. ಈಗ ಬೇಕಾಗಿರುವುದು ಹನ್ನೊಂದು ತಿಂಗಳ ಕರಾರಿನ ಒಂದು ಬಾಡಿಗೆ ಮನೆ. ಸರಿಹೋಗದಿದ್ದರೆ ಬದಲಾಯಿಸಬಹುದು. ಇದನ್ನು ಹೇಳಿದರೆ ಅವರ ಮನಸ್ಸೂ ಹಗುರಾದೀತು.

ಮಾತಾಡುವಾಗ ಅಕ್ಕನ ಹೆಸರು ತರಬೇಡಿ. ಅಕ್ಕನನ್ನೂ ಒಂದು ಮಾತು ಕೇಳಿ, “ನಾನು ಪಕ್ಕಕ್ಕೆ ಬಂದರೆ ನಿನಗೆ ಹೊರೆಯಾ?” ಅಂತ. ಅವಳಿಗೂ ಅವಳ ಸಂಸಾರವಿದೆ. ಯಜಮಾನರಿಗೆ ಹೇಳಬೇಕಾದ್ದು ಸೂಜಿಯ ಮಾತು. ನನಗೆ ಬರೆದ ಹಾಗೆಯೇ, ಅಳದೆ, ದೂರದೆ ಹೇಳಿ. ಅತ್ತೆಯ ಎದುರಿಗೆ ಬೇಡ. ಮಳೆಯಲ್ಲಿ ನೆಂದು ಬಂದ ಹೊತ್ತಿನಲ್ಲೂ ಬೇಡ. ಹೇಳಿ ಸುಮ್ಮನಾಗಿ, ಅವರಿಗೆ ಯೋಚಿಸಲು ಎರಡು ದಿನ ಕೊಡಿ. ಒಂಬತ್ತು ವರ್ಷ ಕೇಳದ ಮಾತು ಅದು. ಯಾವ ಮನೆಗೆ ಹೋದರೂ ಸ್ಕೂಟರ್ ಓಡಿಸುವುದನ್ನು ಕಲಿಯಿರಿ, ಅವರೇ ಕಲಿಸಲಿ.

ಮನೆ ನೋಡಲು ಹೋದಾಗ ಇನ್ನೊಂದನ್ನು ಮರೆಯಬೇಡಿ. ಬೆಳಕು ಬೀಳುವ ಕಿಟಕಿ ಯಾವ ಕೋಣೆಯಲ್ಲಿದೆ, ಅದರ ಪಕ್ಕ ಪ್ಲಗ್ ಇದೆಯಾ ನೋಡಿ. ಮಿಷನ್ ಇಡಲು ಎಷ್ಟು ಜಾಗ ಬೇಕು ಅಂತ ಈಗಲೇ ಟೇಪ್ ಹಿಡಿದು ಅಳತೆ ಮಾಡಿ, ಬರೆದುಕೊಂಡು ಹೋಗಿ.