ಚೀಟಿಯಲ್ಲಿ ಬರೆಯದ ಇಂಗು

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಮೂವರು ಗೆಳೆಯರು ಸೇರಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಕನ್ನಡ ನಿಘಂಟು ಮಾಡಿದ್ದೇವೆ. ನೆಟ್ ಇಲ್ಲದಿದ್ದರೂ ಪದಕ್ಕೆ ಅರ್ಥ ತೋರಿಸುತ್ತದೆ. ಪದಪಟ್ಟಿ ನೆಟ್‌ನಲ್ಲೇ ಸಿಕ್ಕಿತು. ಅದನ್ನು ಡೆಬ್ ಫೈಲ್ (ಡೆಬಿಯನ್ ಎಂಬ ಮುಕ್ತ ಲಿನಕ್ಸ್ ವ್ಯವಸ್ಥೆಯಲ್ಲಿ ಹಾಕಿಕೊಳ್ಳುವ ಪ್ಯಾಕೇಜ್) ಮಾಡಿ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುವುದು ಅಲ್ಲಿ ತೆರೆಯಲೇ ಇಲ್ಲ. ಇದನ್ನು ಡೆಬಿಯನ್‌ಗೆ ಸೇರಿಸಬೇಕೆಂಬ ಆಸೆ. ಏನು ಮಾಡಬೇಕು? ಎಷ್ಟು ಖರ್ಚಾಗುತ್ತದೆ?
– ಹೆಸರು ಬೇಡ, ವಿಜಯನಗರ

ಉತ್ತರ: ಪೆನ್‌ಡ್ರೈವ್ ಹಿಡಿದು ಗ್ರಂಥಾಲಯದವರೆಗೆ ಹೋದಿರಲ್ಲ, ಅದು ನನಗೆ ತುಂಬ ಇಷ್ಟವಾಯಿತು. ಇನ್ನೊಬ್ಬರ ಗಣಕದಲ್ಲಿ ಓಡಿಸಿ ನೋಡದೆ ಪ್ಯಾಕೇಜ್ ಮಾಡುವವರೇ ಹೆಚ್ಚು.

ನಮ್ಮ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗ ಕೈ ತಾನಾಗಿ ಇಂಗಿನ ಡಬ್ಬಿಗೆ ಹೋಗುತ್ತದೆ. ಅದೇ ಸಾರನ್ನು ಮಗಳ ಹೊಸ ಬಾಡಿಗೆ ಮನೆಯಲ್ಲಿ ಮಾಡಲು ನಿಂತಾಗಲೇ ಗೊತ್ತಾಗುವುದು, ಸಾಮಾನಿನ ಚೀಟಿಯಲ್ಲಿ ಇಂಗು ಬರೆದೇ ಇರಲಿಲ್ಲ ಅಂತ. ನಿಮಗೆ ಆಗಿರುವುದೂ ಇಷ್ಟೇ. ಪೈಥಾನ್‌ಗೆ ಬೇಕಾದದ್ದನ್ನು ನೆಟ್‌ನಿಂದ ತರುವ ಪಿಪ್‌ನಿಂದ ಎಂದೋ ಹಾಕಿಕೊಂಡ ಯಾವುದೋ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಕೋಡ್‌ನ ಗಂಟು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ. ಗ್ರಂಥಾಲಯದ ಗಣಕದಲ್ಲಿ ಅದಿಲ್ಲ.

ಡೆಬ್ ಫೈಲನ್ನು ಬಿಚ್ಚಿದರೆ ಒಳಗೆ ಮೂರೇ ವಸ್ತು: ಯಾವ ಮಾದರಿಯ ಡೆಬ್ ಎಂದು ಹೇಳುವ ಪುಟ್ಟ ಫೈಲ್, ಗಣಕದಲ್ಲಿ ಹೋಗಿ ಕೂರಬೇಕಾದ ಫೈಲ್‌ಗಳ ಗಂಟು, ಮತ್ತು ಕಂಟ್ರೋಲ್ ಎಂಬ ಇನ್ನೊಂದು ಗಂಟು. ಈ ಕಂಟ್ರೋಲ್‌ನಲ್ಲಿರುವ 'ಡಿಪೆಂಡ್ಸ್' ಸಾಲೇ ನಿಮ್ಮ ಸಾಮಾನಿನ ಚೀಟಿ. ಅಲ್ಲಿ ಬರೆದದ್ದನ್ನು ಡೆಬಿಯನ್‌ನ ಆಪ್ಟ್ ಎಂಬ ಸಲಕರಣೆ ನೆಟ್‌ನಿಂದ ತಂದುಕೊಡುತ್ತದೆ. ಡೆಬ್ ಫೈಲನ್ನು ಬಿಚ್ಚಿ ಹಾಕುವ ಡಿಪಿಕೆಜಿ ಒಂದನ್ನೇ ಬಳಸಿದರೆ ಅದು ಇಂಥದ್ದು ಇಲ್ಲ ಎಂದು ಹೇಳಿ ನಿಲ್ಲುತ್ತದೆ, ತಂದುಕೊಡುವುದಿಲ್ಲ. ಬರೆಯದೇ ಬಿಟ್ಟದ್ದು ಇಬ್ಬರಿಗೂ ಕಾಣುವುದಿಲ್ಲ.

ನಾನು ಮೊದಲು ಮಾಡಿದ ಪ್ಯಾಕೇಜ್ ಒಂದು ಕನ್ನಡ ಫಾಂಟ್. ರಾಜಾಜಿನಗರದ ಮನೆಯಲ್ಲಿ ನಾಲ್ಕು ರಾತ್ರಿ ಕೂತು ಮಾಡಿದ್ದೆ. ಪರಿಶೀಲಿಸಿದವರು ಬರೆದದ್ದು ಒಂದೇ ಸಾಲು: ಖಾಲಿ ಗಣಕದಲ್ಲಿ ಇದು ಕಟ್ಟಿಕೊಳ್ಳುತ್ತಿಲ್ಲ. ಫಾಂಟ್ ತಯಾರಿಸುವ ಫಾಂಟ್‌ಫೋರ್ಜ್ ನನ್ನ ಗಣಕದಲ್ಲಿ ವರ್ಷಗಳಿಂದ ಇತ್ತು, ಅದನ್ನು ಪ್ಯಾಕೇಜ್ ಕಟ್ಟಲು ಬೇಕಾದ ಸಾಮಾನು ಬರೆಯುವ 'ಬಿಲ್ಡ್ ಡಿಪೆಂಡ್ಸ್' ಸಾಲಿಗೆ ಸೇರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಎಸ್‌ಬಿಲ್ಡ್ ಇಲ್ಲದೆ ನಾನು ಏನನ್ನೂ ಕಳಿಸುವುದಿಲ್ಲ. ಅದು ಪ್ರತಿ ಸಲವೂ ಹೊಸ, ಬರಿದಾದ ಡೆಬಿಯನ್ ಒಂದನ್ನು ಎಬ್ಬಿಸಿ, ನೀವು ಬರೆದ ಸಾಮಾನನ್ನಷ್ಟೇ ಅದರೊಳಗೆ ತಂದು ಪ್ಯಾಕೇಜ್ ಕಟ್ಟುತ್ತದೆ. ಆಮೇಲೆ ಆ ಡೆಬ್ ಫೈಲನ್ನು ಇನ್ನೊಂದು ಹೊಸ ವರ್ಚುವಲ್ ಮಷೀನ್‌ನಲ್ಲಿ (ಗಣಕದೊಳಗೇ ಓಡುವ ಇನ್ನೊಂದು ಗಣಕದಲ್ಲಿ) ಹಾಕಿ, ನಿಘಂಟು ತೆರೆದು, 'ಅಕ್ಷರ' ಎಂದು ಟೈಪ್ ಮಾಡಿ ಅರ್ಥ ಬರುತ್ತದೆಯೇ ನೋಡಿ. ಲಿಂಟಿಯನ್ ಎಂಬ ಪರೀಕ್ಷಕವನ್ನೂ ಓಡಿಸಿ. ಮೊದಲ ಸಲ ಅದು ತೋರಿಸುವ ತಪ್ಪುಗಳ ಪಟ್ಟಿ ಉದ್ದವಿರುತ್ತದೆ, ಗಾಬರಿಯಾಗಬೇಡಿ.

ಇನ್ನು, ನೀವು ಅರ್ಧ ಸಾಲಿನಲ್ಲಿ ಹೇಳಿ ಮುಗಿಸಿದ ಮಾತೊಂದಿದೆ: "ಪದಪಟ್ಟಿ ನೆಟ್‌ನಲ್ಲೇ ಸಿಕ್ಕಿತು." ಈ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಯಾರದು ಆ ಪಟ್ಟಿ? ಬಳಸಲು, ತಿದ್ದಲು, ಹಂಚಲು ಅನುಮತಿ ಕೊಟ್ಟಿದ್ದಾರೆಯೇ? ಡೆಬಿಯನ್‌ಗೆ ಮೊದಲ ಬಾರಿ ಬರುವ ಪ್ಯಾಕೇಜ್ 'ನ್ಯೂ' ಎಂಬ ಸರತಿಯಲ್ಲಿ ಕಾಯಬೇಕು. ಅಲ್ಲಿ ಸ್ವಯಂಸೇವಕರ ತಂಡವೊಂದು, ನಿಮ್ಮ ಕಾಪಿರೈಟ್ ಫೈಲ್‌ನಲ್ಲಿ ಬರೆದಿರುವುದಕ್ಕೂ ಒಳಗಿನ ಫೈಲ್‌ಗಳಿಗೂ ತಾಳೆಯಾಗುತ್ತದೆಯೇ ಎಂದು ನೋಡುತ್ತದೆ. ಲೈಸೆನ್ಸ್ ಇಲ್ಲದ ಒಂದು ಫೈಲ್ ಇದ್ದರೂ ವಾಪಸ್.

ನನ್ನ ಇನ್ನೊಂದು ಪ್ಯಾಕೇಜ್ ಹಾಗೆ ವಾಪಸ್ ಬಂದಿತ್ತು. ಅದರೊಳಗಿನ ಕಾಗುಣಿತದ ಪಟ್ಟಿಯನ್ನು ಮಾಡಿದವರು ಹನುಮಂತನಗರದ ನಿವೃತ್ತ ಮೇಷ್ಟ್ರು ಎಂದು ವಿಚಾರಿಸಿ ತಿಳಿದುಕೊಂಡು ಅವರ ಮನೆಗೆ ಹೋದೆ. "ಯಾರು ಬೇಕಾದರೂ ಬಳಸಲಿ ಅಂತಲೇ ಹಾಕಿದ್ದು ಕಣಮ್ಮ, ಅದನ್ನೂ ಬರೆದುಕೊಡಬೇಕೇ?" ಎಂದರು. ಬರೆದುಕೊಡಬೇಕು ಸಾರ್, ನೀವು ಬರೆಯದಿದ್ದರೆ ಕಾನೂನು ಬೇಡ ಎಂದೇ ಓದುತ್ತದೆ ಎಂದೆ. ಕಾಫಿ ಕೊಟ್ಟರು, ಲೈಸೆನ್ಸನ್ನು ಎರಡು ಸಲ ಓದಿಸಿಕೊಂಡರು, ಸಹಿ ಹಾಕಿದರು. ಮುಂದಿನ ವರ್ಷ ಅವರು ತೀರಿಕೊಂಡರು. ನಾನು ಆ ದಿನ ಹೋಗದಿದ್ದರೆ ಅವರ ಹತ್ತು ವರ್ಷದ ಕೆಲಸ ಯಾರೂ ಮುಟ್ಟಲಾಗದೆ ಬಿದ್ದಿರುತ್ತಿತ್ತು. ಕನ್ನಡದ ಎಷ್ಟೋ ಫಾಂಟ್, ಎಷ್ಟೋ ಪದಪಟ್ಟಿ ಇವತ್ತಿಗೂ ಹಾಗೆ ಬಿದ್ದಿವೆ, ನೆನೆದರೆ ಸಂಕಟವಾಗುತ್ತದೆ.

ನಿಮ್ಮ ಮುಂದೆ ದಾರಿಗಳಿವೆ. ನಮ್ಮ 1957ರ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಕಿಟೆಲ್ ತೀರಿಕೊಂಡದ್ದು 1903ರಲ್ಲಿ. ಆ ಮೂಲ ಮುದ್ರಣ ಈಗ ಎಲ್ಲರದು. ಆಮೇಲೆ ಬೇರೆಯವರು ಪರಿಷ್ಕರಿಸಿದ ಮುದ್ರಣದ ಲೆಕ್ಕವೇ ಬೇರೆ. ಇನ್ನೊಂದು, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಅಲರ್ ಕನ್ನಡ–ಇಂಗ್ಲಿಷ್ ನಿಘಂಟು. ಅದರ ದತ್ತಾಂಶವನ್ನು ಮುಕ್ತ ಲೈಸೆನ್ಸ್‌ನಲ್ಲೇ ಬಿಟ್ಟಿದ್ದಾರೆ. ಷರತ್ತುಗಳನ್ನು ಪೂರ್ತಿ ಓದಿ, ಅವರ ಹೆಸರನ್ನು ಕಾಪಿರೈಟ್ ಫೈಲ್‌ನಲ್ಲಿ ಹಾಕಿ. ನೀವು ಮೂವರು ಬರೆದ ಕೋಡ್‌ಗೂ ಒಂದು ಲೈಸೆನ್ಸ್ ಆರಿಸಿಕೊಳ್ಳಿ.

ಖರ್ಚು ಒಂದು ಪೈಸೆಯೂ ಇಲ್ಲ. 1993ರಲ್ಲಿ ಇಯನ್ ಮರ್ಡಾಕ್ ಶುರು ಮಾಡಿದಂದಿನಿಂದ ಡೆಬಿಯನ್ ನಡೆದಿರುವುದು ಸ್ವಯಂಸೇವಕರಿಂದಲೇ. "ನಾನು ಇದನ್ನು ಪ್ಯಾಕೇಜ್ ಮಾಡುತ್ತೇನೆ" ಎಂದು ತಿಳಿಸುವ ಐಟಿಪಿ (ಇಂಟೆಂಟ್ ಟು ಪ್ಯಾಕೇಜ್) ವರದಿ ಹಾಕಿ. ನಿಮಗೆ ನೇರ ಅಪ್‌ಲೋಡ್ ಹಕ್ಕು ಇರುವುದಿಲ್ಲ, ಆದ್ದರಿಂದ ನಿಮ್ಮ ಕೆಲಸ ನೋಡಿ ಸಹಿ ಹಾಕುವ ಡೆಬಿಯನ್ ಡೆವಲಪರ್ ಒಬ್ಬರು ಬೇಕು. ಅವರನ್ನು ಸ್ಪಾನ್ಸರ್ ಅನ್ನುತ್ತೇವೆ. ಸರತಿ ದಾಟಿದರೆ ಮೊದಲು ಅನ್‌ಸ್ಟೇಬಲ್ ಎಂಬ ಹೊಸ ಪ್ಯಾಕೇಜ್‌ಗಳ ವಿಭಾಗ, ದೊಡ್ಡ ದೋಷ ಕಾಣದಿದ್ದರೆ ಕೆಲವು ದಿನಗಳಲ್ಲಿ ಟೆಸ್ಟಿಂಗ್ ಎಂಬ ವಿಭಾಗ. ಗ್ರಂಥಾಲಯದಂಥ ಕಡೆ ಬಳಸುವ ಸ್ಟೇಬಲ್‌ಗೆ ಬರಲು ಮುಂದಿನ ಬಿಡುಗಡೆ ಕಾಯಬೇಕು. ಈಚಿನದು, ಡೆಬಿಯನ್ 13, ಬಂದದ್ದು 2025ರ ಆಗಸ್ಟ್‌ನಲ್ಲಿ. ಸುಮಾರು ಎರಡು ವರ್ಷಕ್ಕೊಂದು ಬರುತ್ತದೆ.

ಕಳಿಸುವ ಮುನ್ನ ಮೂವರೂ ಕೂತು ಮಾತಾಡಿಕೊಳ್ಳಿ. ಪೈಥಾನ್ ಹೊಸ ಆವೃತ್ತಿ ಬಂದಾಗ, ಯಾರೋ ದೋಷ ವರದಿ ಮಾಡಿದಾಗ, ಉತ್ತರಿಸುವವರು ಯಾರು? ಮೂವರಿಗೂ ಕೆಲಸ ಸಿಕ್ಕಿ ಒಬ್ಬರು ಪುಣೆ, ಒಬ್ಬರು ಹೈದರಾಬಾದ್ ಎಂದಾದರೆ? ನೋಡಿಕೊಳ್ಳುವವರಿಲ್ಲದ ಪ್ಯಾಕೇಜನ್ನು ಡೆಬಿಯನ್‌ನಲ್ಲಿ ಅನಾಥ ಎಂದೇ ಗುರುತಿಸುತ್ತಾರೆ. ಆ ಪಟ್ಟಿ ಚಿಕ್ಕದಲ್ಲ. ಡೆಬಿಯನ್ ಪೈಥಾನ್ ತಂಡದ ಜೊತೆ ಸೇರಿ ನೋಡಿಕೊಂಡರೆ ಭಾರ ಹಂಚಿಹೋಗುತ್ತದೆ. ಅದನ್ನೇ ಮಾಡಿ ಎಂಬುದು ನನ್ನ ಒತ್ತಾಯ.

ಪ್ರಶ್ನೆ: ಡೆಬಿಯನ್‌ಗೆ ಸೇರಿದ ಪ್ಯಾಕೇಜನ್ನು ಉಬುಂಟು, ಫೆಡೋರಾದಂಥ ಬೇರೆ ಲಿನಕ್ಸ್‌ಗಳಿಗೆ ಮತ್ತೆ ಮಾಡಬೇಕೇ?
– ಒಬ್ಬ ಓದುಗರು, ಯಲಹಂಕ

ಉತ್ತರ: ಉಬುಂಟುಗೆ ಬೇಡ. ಅವರು ಪ್ರತಿ ಬಿಡುಗಡೆಯ ತಯಾರಿಯಲ್ಲಿ ಡೆಬಿಯನ್ ಅನ್‌ಸ್ಟೇಬಲ್‌ನಿಂದ ಪ್ಯಾಕೇಜ್‌ಗಳನ್ನು ತಾವೇ ಎತ್ತಿಕೊಳ್ಳುತ್ತಾರೆ. ಫೆಡೋರಾದ್ದು ಆರ್‌ಪಿಎಂ ಎಂಬ ಬೇರೆ ಮಾದರಿಯ ಪ್ಯಾಕೇಜ್. ಅದನ್ನು ಕಟ್ಟುವ ವಿಧಾನ ಹೇಳುವ ಸ್ಪೆಕ್ ಫೈಲ್ ಬೇರೆಯಾಗಿ ಬರೆಯಬೇಕು.

ಪ್ರಶ್ನೆ: ಅಮ್ಮಾ, ನಾನು ನಿವೃತ್ತ ಶಿಕ್ಷಕ. ಮೊಮ್ಮಗ ನನ್ನ ಹಳೆಯ ಕಂಪ್ಯೂಟರಿಗೆ ಡೆಬಿಯನ್ ಹಾಕಿಕೊಟ್ಟಿದ್ದಾನೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ. ಈಗ ಹೇಗೆ? ಹಳೆಯ ಬರಹಗಳೆಲ್ಲ ವಿಚಿತ್ರ ಅಕ್ಷರಗಳಾಗಿ ಕಾಣುತ್ತಿವೆ.
– ಒಬ್ಬ ಮೇಷ್ಟ್ರು, ಬಸವನಗುಡಿ

ಉತ್ತರ: ಸಾರ್, ನಿಮ್ಮ ಬೆರಳಿನ ರೂಢಿ ಎಲ್ಲೂ ಹೋಗುವುದಿಲ್ಲ. ಐಬಸ್ ಎಂ17ಎನ್ ಎಂಬ ಪ್ಯಾಕೇಜ್ ಹಾಕಿಸಿ, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೆಜಿಪಿ ಆರಿಸಿಕೊಳ್ಳಿ. ನುಡಿಯಲ್ಲಿದ್ದ ಕ.ಗ.ಪ. ವಿನ್ಯಾಸವೇ ಅದು. ಅಕ್ಷರಗಳಿಗೆ ಲೋಹಿತ್, ಗುಬ್ಬಿ, ನವಿಲು ಎಂಬ ಫಾಂಟ್‌ಗಳಿವೆ. ಹಳೆಯ ಬರಹಗಳು ಯೂನಿಕೋಡ್‌ಗೆ ಮೊದಲಿನ ಸಂಕೇತದಲ್ಲಿರಬೇಕು, ಫಾಂಟ್ ಬದಲಿಸಿದರೆ ಸರಿಯಾಗುವುದಿಲ್ಲ. ಪರಿವರ್ತಕದಿಂದ ಯೂನಿಕೋಡ್‌ಗೆ ತಿರುಗಿಸಬೇಕು. ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ತಪ್ಪುವುದು ಹೆಚ್ಚಾಗಿ ಅಲ್ಲೇ. ಮೂಲ ಫೈಲ್‌ಗಳನ್ನು ಮಾತ್ರ ಅಳಿಸಲು ಮೊಮ್ಮಗನಿಗೆ ಬಿಡಬೇಡಿ.