ಮೇಲುಕೋಟೆ ಸೈಕಲ್ ಜಾಥಾ: ಹಿಂದೆ ಬರುವ ಬಸ್ಸಿಗೂ ದಾರಿ ಸಿಗಬೇಕು

ಮೇಡಂ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೆ ಇವತ್ತು ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ. ಪ್ರಶ್ನೆ ನೋಡದವರಿಗೆ ಇಷ್ಟು: ಮಕ್ಕಳ ಹೃದಯದ ಆಪರೇಷನ್ನಿಗೆ ದುಡ್ಡು ಕೂಡಿಸಲು ಇವರ ಬಳಗ ಜನವರಿ ಎರಡನೇ ಭಾನುವಾರ ಸೈಕಲ್ ಜಾಥಾ ಇಟ್ಟುಕೊಂಡಿದೆ. ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ ಹೋಗಿ ವಾಪಸ್. 400 ಜನ. ಹೋದ ವರ್ಷ ದಾರಿಯಲ್ಲಿ ಗಾಡಿಯವರ ಜೊತೆ ಎರಡು ಮೂರು ಕಡೆ ಜಗಳ ಆಗಿದೆ. ಈ ಸಲ ರಸ್ತೆಯನ್ನೇ ಬಂದ್ ಮಾಡಿಸೋಣ ಅಂತ ಕೆಲವರು, ರಸ್ತೆ ನಮ್ಮದೂ ಹೌದು, ಅವರೇ ಕಾಯಲಿ ಅಂತ ಕೆಲವರು.

ನಾನು ಹತ್ತು ವರ್ಷ ಇದೇ ಕಡೆ ಗೂಡ್ಸ್ ಗಾಡಿ ಓಡಿಸಿದವನು. ಏಳೆಂಟು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ, ಇಂಥ ಜಾಥಾಗಳಲ್ಲಿ ಮಾರ್ಷಲ್ ಆಗಿ, ಅಂದರೆ ಸವಾರರಿಗೆ ದಾರಿ ತೋರಿಸುವವನಾಗಿ, ನಿಂತಿದ್ದೇನೆ. ಎರಡೂ ಕಡೆ ಕೂತು ನೋಡಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಗಾಡಿಯವನಿಗೆ ಸಿಟ್ಟು ಬರುವುದು ಸೈಕಲ್ ಕಂಡು ಅಲ್ಲ. ಮುಂದೆ ಎಷ್ಟು ಜನ ಇದ್ದಾರೆ, ಇನ್ನೆಷ್ಟು ಹೊತ್ತು ಹೀಗೆ ಹೋಗಬೇಕು ಅಂತ ಗೊತ್ತಾಗದೆ ಇದ್ದಾಗ. ಅದನ್ನು ಸರಿಮಾಡುವುದು ನಮ್ಮ ಕೈಯಲ್ಲಿದೆ.

ನಾಲ್ಕು ವರ್ಷದ ಹಿಂದೆ ಒಂದು ಜಾಥಾದಲ್ಲಿ ನಾನು ಸುಮಾರು 60 ಜನರ ಗುಂಪಿನ ಕೊನೆಯಲ್ಲಿದ್ದೆ. ಹಿಂದೆ ಹಾಲಿನ ಗಾಡಿ. ಕ್ಯಾನುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಹಗ್ಗ ಬಿಗಿದಿದ್ದರು. ಹತ್ತಿರ ಹತ್ತಿರ ಮೂರು ಕಿಲೋಮೀಟರ್ ನಮ್ಮ ಹಿಂದೆಯೇ ಬಂತು. ಹಾರನ್ ಹೊಡೆಯಿತು, ಸ್ವಲ್ಪ ಬಲಕ್ಕೆ ಬಂದು ಇಣುಕಿತು, ಮತ್ತೆ ಹಿಂದೆ ಸರಿಯಿತು. ಕೊನೆಗೆ ತಿರುವಿನಲ್ಲೇ ನುಗ್ಗಿತು. ಎದುರಿಗೆ ಬಂದ ಬೈಕಿನವನು ಗದ್ದೆ ಬದುವಿಗೆ ಇಳಿದು ಉಳಿದುಕೊಂಡ. ನಾನು ಮುಂದಿನ ಊರಿನಲ್ಲಿ ಆ ಗಾಡಿ ಹಿಡಿದು ಜೋರು ಮಾಡಿದೆ. ಡ್ರೈವರ್ ಇಪ್ಪತ್ತೈದರ ಹುಡುಗ, ಅವನ ಕೈ ಇನ್ನೂ ನಡುಗುತ್ತಿತ್ತು. "ಅಣ್ಣ, ನೀವು ವರ್ಷಕ್ಕೆ ಒಂದಿನ ಬರ್ತೀರ, ನಾನು ದಿನಾ ಬರ್ತೀನಿ. ಹೊತ್ತಾಗಿ ಹಾಲು ಒಡೆದ್ರೆ ನನ್ನ ಬಾಡಿಗೇಲೇ ಹಿಡೀತಾರೆ" ಅಂದ. ಅವನು ನುಗ್ಗಿದ್ದು ತಪ್ಪೇ. ಆದರೆ ಮೂರು ಕಿಲೋಮೀಟರ್ ಅವನಿಗೆ ಒಂದು ಸಂದು ಕೊಡದೇ ಇದ್ದವರು ನಾವು.

ಈಗ ಲೆಕ್ಕ ನೋಡಿ. 40 ಜನ ಒಬ್ಬರ ಹಿಂದೆ ಒಬ್ಬರು ಹೋದರೆ, ಒಬ್ಬರಿಗೆ 4 ಮೀಟರ್ ಹಿಡಿದರೂ ಸಾಲು 160 ಮೀಟರ್ ಉದ್ದ ಆಗುತ್ತದೆ. ನಾವು ಗಂಟೆಗೆ 22 ಕಿ.ಮೀ., ಹಿಂದಿನ ಬಸ್ಸು 50. ಬಸ್ಸಿನ ಉದ್ದ, ಹಿಂದೆ ಮುಂದೆ ಬೇಕಾದ ಜಾಗ ಎಲ್ಲ ಸೇರಿಸಿದರೆ ದಾಟಲು ಸುಮಾರು 24 ಸೆಕೆಂಡು ಬೇಕು. ಅಷ್ಟರಲ್ಲಿ ಬಸ್ಸು ಸುಮಾರು 335 ಮೀಟರ್ ಹೋಗಿರುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವ ಗಾಡಿಯೂ ಅಷ್ಟೇ ದೂರ ಬಂದಿರುತ್ತದೆ. ಅಂದರೆ ಡ್ರೈವರ್ ಕಣ್ಣಿಗೆ ಹತ್ತಿರ ಹತ್ತಿರ 700 ಮೀಟರ್ ಖಾಲಿ ರಸ್ತೆ ಕಾಣಬೇಕು. ತಿರುವು ಇರುವ ರಸ್ತೆಯಲ್ಲಿ ಅದು ಎಲ್ಲಿಂದ ಬರಬೇಕು? ಅದೇ 10 ಜನ, ಇಬ್ಬಿಬ್ಬರು ಜೊತೆಯಾಗಿ ಹೋದರೆ ಗುಂಪು 20 ಮೀಟರ್. ದಾಟಲು 6–7 ಸೆಕೆಂಡು ಸಾಕು, 200 ಮೀಟರ್ ಕಂಡರೆ ಆಯಿತು.

ಜೊತೆಯಾಗಿ ಹೋಗುವುದು ಅಂದರೆ ಕೆಲವರಿಗೆ ಸೊಕ್ಕು ಅನ್ನಿಸುತ್ತದೆ. ಎರಡು ಪಥದ ರಸ್ತೆಯಲ್ಲಿ ಬಸ್ಸು ಒಬ್ಬ ಸವಾರನನ್ನು ಸುರಕ್ಷಿತವಾಗಿ ದಾಟಬೇಕಾದರೂ ಬಲಗಡೆಗೆ ಹೋಗಲೇಬೇಕು ಅಲ್ವಾ? ಹೋದ ಮೇಲೆ ಅಲ್ಲಿ ಎಷ್ಟು ಕಡಿಮೆ ಹೊತ್ತು ಇರುತ್ತದೋ ಅಷ್ಟು ಒಳ್ಳೆಯದು. ಬ್ರಿಟನ್ನಿನಲ್ಲಿ 2022ರ ಜನವರಿಯಲ್ಲಿ ತಿದ್ದಿದ ರಸ್ತೆ ನಿಯಮದ ಪುಸ್ತಕದಲ್ಲೂ ಇಬ್ಬಿಬ್ಬರು ಹೋಗಬಹುದು, ಗುಂಪು ದೊಡ್ಡದಾದರೆ ಅದೇ ಸುರಕ್ಷಿತ ಅಂತ ಇದೆ. ಹಿಂದಿನ ಗಾಡಿಗೆ ದಾರಿ ಬಿಡಬಹುದು ಅನ್ನಿಸಿದಾಗ ಬಿಡಿ ಅಂತಲೂ ಇದೆ. ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಊರೊಳಗೆ, ಮೇಲುಕೋಟೆ ಇಳಿಜಾರಿನಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರೇ. ಇಳಿಜಾರಿನಲ್ಲಿ ನಡುವೆ ಮಾಮೂಲಿಗಿಂತ ನಾಲ್ಕು ಪಟ್ಟು ಅಂತರ ಇರಲಿ.

ಹಾಗಾಗಿ 400 ಜನರನ್ನು 10ರ 40 ಗುಂಪು ಮಾಡಿ. ನಿಮಿಷಕ್ಕೊಂದು ಗುಂಪು ಬಿಡಿ. 40 ನಿಮಿಷದಲ್ಲಿ ಎಲ್ಲರೂ ಹೊರಟಿರುತ್ತಾರೆ, ಗುಂಪು ಗುಂಪಿನ ನಡುವೆ 350 ಮೀಟರ್ ಸಂದು ಇರುತ್ತದೆ. ಒಂದು ಗುಂಪು ದಾಟಿದ ಬಸ್ಸು ಎಡಕ್ಕೆ ಬಂದು, ಉಸಿರು ತೆಗೆದುಕೊಂಡು, ಮುಂದಿನದನ್ನು ನೋಡಬಹುದು. ಜೋರಾಗಿ ತುಳಿಯುವವರು ಮೊದಲು ಹೋಗಲಿ. ನಿಧಾನದವರನ್ನು ಮುಂದೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲ ಒಂದೇ ರಾಶಿ. ಜನವರಿಯಲ್ಲಿ ಹೊತ್ತು ಹುಟ್ಟುವುದೇ ಆರೂಮುಕ್ಕಾಲರ ಹೊತ್ತಿಗೆ, ಮಂಜು ಬೇರೆ. ಅದಕ್ಕಿಂತ ಮುಂಚೆ ಹೊರಡುವ ಗುಂಪಿನಲ್ಲಿ ಹಿಂದಿನ ಕೆಂಪು ಲೈಟ್ ಇಲ್ಲದ ಸೈಕಲ್ ಒಂದೂ ಇರಬಾರದು.

ಎಲ್ಲರೂ ಮರೆಯುವ ವಿಷಯ ಒಂದಿದೆ. ಗುಂಪುಗಳು ಹಾಳಾಗುವುದು ನೀರು, ಬಾಳೆಹಣ್ಣು ಕೊಡುವ ಜಾಗದಲ್ಲಿ. ಎಲ್ಲರೂ ಬಂದು ನಿಂತು, ಫೋಟೋ ತೆಗೆದು, ಎಂಬತ್ತು ಜನ ಒಟ್ಟಿಗೆ ಹೊರಡುತ್ತಾರೆ. ಅಲ್ಲಿ ಒಬ್ಬರು ಕೂತು ಮತ್ತೆ ಹತ್ತತ್ತು ಜನರನ್ನೇ ಬಿಡಬೇಕು. ಮಾತು ಗಟ್ಟಿ ಇರುವವರನ್ನು ಹಾಕಿ. ಜಾಗವೂ ರಸ್ತೆ ಬದಿಯ ಮಣ್ಣಂಚು ಆಗಬಾರದು. ಶಾಲೆ ಮೈದಾನವೋ ಕಲ್ಯಾಣ ಮಂಟಪದ ಅಂಗಳವೋ ಆಗಲಿ. ಧನುರ್ಮಾಸದಲ್ಲಿ ಮದುವೆ ಇಲ್ಲ, ಮಂಟಪ ಖಾಲಿ ಇರುತ್ತವೆ, ಕೇಳಿದರೆ ಸಂತೋಷವಾಗಿ ಕೊಡುತ್ತಾರೆ. ಆದರೆ ಧನುರ್ಮಾಸ ಅಂದಮೇಲೆ ಮೇಲುಕೋಟೆಗೆ ಬೆಳಗಿನ ಪೂಜೆಗೆ ಜನ ಜಾಸ್ತಿ. ನೀವು ಹತ್ತುವಾಗ ಅವರ ಕಾರು ಇಳಿಯುತ್ತಿರುತ್ತವೆ. ಇದನ್ನು ಸವಾರರಿಗೆ ಮೊದಲೇ ಹೇಳಿ.

ಹೋದ ವರ್ಷದ ಜಗಳದ ವಿವರ ಓದಿದೆ. ನಿಜವಾಗಿ ದಾರಿ ಕಟ್ಟಿದ್ದು ಸೈಕಲ್ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಸೈಕಲ್ ಹಿಂದೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು 20ರಲ್ಲಿ ತೆವಳುವ ಮನೆಯವರ ಕಾರುಗಳು. ಗಂಡ ತುಳಿಯುತ್ತಿದ್ದಾನೆ, ಹೆಂಡತಿ ಮಕ್ಕಳು ಹಿಂದೆ. ಪ್ರೀತಿಯಿಂದಲೇ ಬರುತ್ತಾರೆ, ಆದರೆ ಬಸ್ಸಿಗೆ ಅದು ಚಲಿಸುವ ಗೋಡೆ. ಫೋಟೋದವರ ಗಾಡಿಯೂ ಹಾಗೇ. ಯಾವ ಖಾಸಗಿ ಕಾರೂ ಸೈಕಲ್ ಹಿಂದೆ ಬರಬಾರದು, ಬಂದರೆ ಆ ಸವಾರರ ಹೆಸರು ತೆಗೆಯುತ್ತೇವೆ ಅಂತ ನೋಂದಣಿಯಲ್ಲೇ ಬರೆಯಿರಿ. ಮನೆಯವರು ಸೀದಾ ಮುಂದಿನ ನೀರಿನ ಜಾಗಕ್ಕೆ ಹೋಗಿ ಕಾಯಲಿ. ನಿಮ್ಮ ಸಹಾಯದ ಗಾಡಿಗಳೂ ಅಷ್ಟೇ. ಮುಂದೆ ಹೋಗಿ ರಸ್ತೆ ಬಿಟ್ಟು ನಿಲ್ಲಬೇಕು, ಎಲ್ಲ ದಾಟಿದ ಮೇಲೆ ಮತ್ತೆ ಮುಂದೆ. ಹಿಂದೆ ಬರುವ ಹಕ್ಕು ಕೊನೆಯ ಸವಾರನ ಹಿಂದಿನ ಒಂದೇ ಗಾಡಿಗೆ. ಅದೂ ಹಿಂದೆ ನಾಲ್ಕು ಗಾಡಿ ಸೇರಿದರೆ ಪಕ್ಕಕ್ಕೆ ನಿಂತು ಬಿಟ್ಟುಕೊಡಬೇಕು. ಅದರ ಬೆನ್ನಿಗೆ ದೊಡ್ಡ ಅಕ್ಷರದಲ್ಲಿ "ಮುಂದೆ ಸೈಕಲ್ ಸವಾರರು, 10 ಜನರ ಗುಂಪು" ಅಂತ ಬೋರ್ಡ್ ಕಟ್ಟಿ. ಎಷ್ಟು ಜನ ಅಂತ ಗೊತ್ತಾದರೇ ಅರ್ಧ ಸಿಟ್ಟು ಇಳಿಯುತ್ತದೆ.

ಮೈಸೂರಿನಿಂದ ಶ್ರೀರಂಗಪಟ್ಟಣದ ತನಕ ಯಾರೂ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆ ಹತ್ತಬಾರದು. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್‌ಗೂ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕು ಇದ್ದೇ ಇರುತ್ತವೆ. ಜಗಳ ಬೇಡ, ಎಡಕ್ಕೆ ಸರಿದು ಹೋಗಿ.

ಪಾಂಡವಪುರ ಕಡೆ ನಿಜವಾದ ಕಷ್ಟ ಕಬ್ಬಿನ ಟ್ರ್ಯಾಕ್ಟರ್. ಎರಡೆರಡು ಟ್ರೇಲರ್, ಎರಡೂ ಪಕ್ಕಕ್ಕೆ ಕಬ್ಬು ಚಾಚಿಕೊಂಡಿರುತ್ತದೆ, ಹಿಂದೆ ಲೈಟ್ ಇರುವುದಿಲ್ಲ. ಅದು ನಿಮ್ಮನ್ನು ದಾಟುವಾಗ ಇಂಜಿನ್ ಹೋಯಿತು ಅಂತ ಮೈಮರೆಯಬೇಡಿ, ಎರಡನೇ ಟ್ರೇಲರ್ ಒಳಕ್ಕೆ ಎಳೆಯುತ್ತದೆ. ಅದಕ್ಕಿಂತ ಅಪಾಯ, ಎದುರಿನಿಂದ ಟ್ರ್ಯಾಕ್ಟರ್ ಬರುವಾಗ ಅದರ ಹಿಂದಿನ ಕಾರು ಅದನ್ನು ದಾಟಲು ನಿಮ್ಮ ಕಡೆಗೆ ಬರುವುದು. ಆಗ ಹಕ್ಕಿನ ಮಾತು ಇಲ್ಲ, ಇಳಿಯಲೇಬೇಕು. ಟಾರ್ ಅಂಚು ಕೆಲವು ಕಡೆ ನಾಲ್ಕು ಬೆರಳು ಎತ್ತರ ಇರುತ್ತದೆ. ಓರೆಯಾಗಿ ಇಳಿದರೆ ಚಕ್ರ ಜಾರಿ ರಸ್ತೆಗೇ ಬೀಳುತ್ತೀರಿ. ವೇಗ ಕಡಿಮೆ ಮಾಡಿ, ಹ್ಯಾಂಡಲ್ ನೇರ ಹಿಡಿದು ಇಳಿಯಿರಿ.

ಇನ್ನೊಂದು, ಒಕ್ಕಣೆ. ಆ ಹೊತ್ತಿಗೆ ರಾಗಿ, ಹುರುಳಿ ರಸ್ತೆ ಮೇಲೆ ಹಾಸಿರುತ್ತಾರೆ. ಒಣ ಹುರುಳಿ ಬಳ್ಳಿ ಸೈಕಲ್ ಚೈನಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ. ಅದರ ಮೇಲೆ ಬ್ರೇಕ್ ಹಿಡಿದರೆ ಬಿದ್ದಂತೆಯೇ. ಅದನ್ನು ತಪ್ಪಿಸಲು ಹಠಾತ್ತಾಗಿ ಬಲಕ್ಕೆ ತಿರುಗುವುದು ಎಲ್ಲಕ್ಕಿಂತ ಕೆಟ್ಟದ್ದು. ಹಿಂದಿನ ಬಸ್ಸಿನವನು ಅದನ್ನು ಎಣಿಸಿಯೇ ಇರುವುದಿಲ್ಲ. ಮುಂದಿನವರು ಕೂಗಿ ಹೇಳಲಿ, ಹಿಂದೆ ನೋಡಲಿ, ಕೈ ತೋರಿಸಲಿ, ಆಮೇಲೆ ಸರಿಯಲಿ.

ಹಾರನ್ ಬಗ್ಗೆ ಹೊಸಬರಿಗೆ ಹೇಳಿ. ನಮ್ಮ ಕಡೆ ಹಾರನ್ ಅಂದರೆ ಬೈಗುಳ ಅಲ್ಲ, "ಬರ್ತಾ ಇದ್ದೀನಿ" ಅಂತ. ತಿರುಗಿ ಗುರಾಯಿಸಬೇಡಿ, ಒಂದು ಕೈ ಎತ್ತಿ ಗೊತ್ತಾಯ್ತು ಅನ್ನಿ. ಹಾಗೇ, "ಬಾ ಬಾ" ಅಂತ ಕೈ ಬೀಸಿ ದಾಟಿಸಬೇಡಿ. ಮುಂದೆ ಏನಿದೆ ಅನ್ನುವುದನ್ನು ಅವನೇ ನೋಡಿ ತೀರ್ಮಾನ ಮಾಡಬೇಕು. ನಿಮ್ಮ ಕೈ ನಂಬಿ ಬಂದವನು ಎದುರಿನ ಲಾರಿಗೆ ಹೊಡೆದರೆ ಯಾರು ಹೊಣೆ?

ಇದನ್ನು ಓದುತ್ತಿರುವ ಕಾರಿನವರಿಗೂ ಒಂದು ಮಾತು. ಹಾರನ್ ಐವತ್ತು ಮೀಟರ್ ಹಿಂದೆ ಇದ್ದಾಗಲೇ ಹೊಡೆಯಿರಿ, ಕಿವಿ ಪಕ್ಕ ಬೇಡ. ಒಂದೂವರೆ ಮೀಟರ್ ಬಿಟ್ಟು ದಾಟಿ. ದಾಟಿದ ಕೂಡಲೇ ಎಡಕ್ಕೆ ಕ್ರಾಸ್‌ಗೆ ತಿರುಗಬೇಡಿ. ತಿರುಗುವುದಿದ್ದರೆ ಹಿಂದೆಯೇ ಹತ್ತು ಸೆಕೆಂಡು ಇದ್ದುಬಿಡಿ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ನಡೆಯುವವರು, ಸೈಕಲ್‌ನವರು, ಮಕ್ಕಳ ಬಗ್ಗೆ ಡ್ರೈವರ್ ವಿಶೇಷ ಎಚ್ಚರ ವಹಿಸಬೇಕು ಅಂತಲೇ ಇದೆ.

ರಸ್ತೆ ಬಂದ್ ಕೇಳಬೇಡಿ ಮೇಡಂ. ಆಸ್ಪತ್ರೆಗೆ ಹೋಗುವವರು, ಹಾಲಿನವರು, ಪರೀಕ್ಷೆ ಬರೆಯುವ ಮಕ್ಕಳು ಎಲ್ಲರಿಗೂ ಇರುವುದು ಅದೇ ಒಂದು ದಾರಿ. ಮೈಸೂರು ನಗರ ಪೊಲೀಸ್ ಕಮಿಷನರ್ ಕಚೇರಿಗೂ ಮಂಡ್ಯ ಎಸ್ಪಿ ಕಚೇರಿಗೂ ಬೇರೆ ಬೇರೆ ಅರ್ಜಿ ಕೊಡಿ, ದಾರಿಯ ಪ್ರತಿ ಠಾಣೆಗೆ ಒಂದು ಪ್ರತಿ. ದೊಡ್ಡ ಕ್ರಾಸ್‌ಗಳಲ್ಲಿ ಬಂದೋಬಸ್ತ್ ಕೇಳಿ ಸಾಕು. ಗಾಡಿ ನಿಲ್ಲಿಸುವ ಅಧಿಕಾರ ಪೊಲೀಸರಿಗೆ ಮಾತ್ರ. ನಮ್ಮ ಹುಡುಗರು ಸೀಟಿ ಊದಿ ಬಸ್ಸು ತಡೆಯುವುದು ಬೇಡ. ವಾರದ ಮುಂಚೆ ಊರೂರಿನಲ್ಲಿ ಸಣ್ಣ ಫ್ಲೆಕ್ಸ್ ಹಾಕಿ, ಯಾವ ದಿನ, ಎಷ್ಟರಿಂದ ಎಷ್ಟರ ತನಕ, ಯಾತಕ್ಕೆ ಅಂತ. ಬಸ್ ಡಿಪೋಗೆ, ಹಾಲಿನ ಸೊಸೈಟಿಗಳಿಗೆ, ಕಬ್ಬಿನ ಗಾಡಿ ಸಾಲು ನಿಲ್ಲುವ ಯಾರ್ಡ್‌ಗೆ ನೀವೇ ಹೋಗಿ ಹೇಳಿ ಬನ್ನಿ. ಮಕ್ಕಳ ಆಪರೇಷನ್ನಿಗೆ ಅಂದರೆ ಟ್ರ್ಯಾಕ್ಟರ್‌ನವರು ತಾವೇ ನಿಧಾನ ಮಾಡುತ್ತಾರೆ, ನಾನು ನೋಡಿದ್ದೇನೆ.

ಮಾರ್ಷಲ್‌ಗೆ ನಾನು ಬರುತ್ತೇನೆ. ಜಕ್ಕನಹಳ್ಳಿ ಕ್ರಾಸ್ ನನಗೆ ಕೊಡಿ. ಶನಿವಾರ ಸಂಜೆ ಬೈಕಿನಲ್ಲಿ ಪೂರ್ತಿ ದಾರಿ ಒಂದು ರೌಂಡ್ ಹೋಗಿ, ಒಕ್ಕಣೆ ಎಲ್ಲೆಲ್ಲಿ ಹಾಸಿದ್ದಾರೆ, ಹೊಸ ಗುಂಡಿ ಎಲ್ಲಿದೆ ಅಂತ ಇಲ್ಲೇ ಬರೆದು ಹಾಕುತ್ತೇನೆ.