ಗಂಭೀರ ಸಾಹಿತ್ಯದ ಓದುಗರೂ ಪತ್ತೇದಾರಿ ಕಾದಂಬರಿಗಳನ್ನು ಗುಟ್ಟಾಗಿ ಓದುವುದೇಕೆ?

ಮೊದಲ ಪುಟಗಳಲ್ಲೇ ಕೊಲೆ ನಡೆದು, ಪ್ರತಿ ಅಧ್ಯಾಯವೂ ಕುತೂಹಲದ ತಿರುವಿನಲ್ಲಿ ನಿಂತು, ಕೊನೆಗೆ ಅಪರಾಧಿ ಸಿಕ್ಕಿಯೇ ಸಿಗುತ್ತಾನೆಂಬ ಭರವಸೆ ಇರುವುದರಿಂದ, ದಣಿದ ಮನಸ್ಸು ಯಾವ ಗೊಂದಲವನ್ನೂ ಹೊರದೆ ಕಥೆಯ ಓಟಕ್ಕೆ ಒಪ್ಪಿಸಿಕೊಳ್ಳುತ್ತದೆ. ಗುಟ್ಟಿನ ಮಾತು ಬೇರೆ. ಅಭಿರುಚಿಯನ್ನು ಅಂತಸ್ತಿನ ಗುರುತಾಗಿ ಕಾಣುವ ನಮ್ಮ ಅಭ್ಯಾಸವೇ ಅದಕ್ಕೆ ಕಾರಣ. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯನವರು ಸರಳ ಕನ್ನಡದಲ್ಲಿ ಬರೆದ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಬಾಡಿಗೆಗೆ ತಂದು ಓದಿಯೇ ಎಷ್ಟೋ ಜನರಿಗೆ ಓದಿನ ರುಚಿ ಹತ್ತಿತು. ವಿಮರ್ಶಕರು ಮಾತ್ರ ಅವರತ್ತ ಹೆಚ್ಚು ಗಮನ ಹರಿಸಲಿಲ್ಲ. ಇಂಥ ಕೃತಿಗಳಲ್ಲಿ ಪಾತ್ರಗಳು ತೆಳು, ಘಟನೆಗಳು ಮರುಕಳಿಸುತ್ತವೆ ಎಂಬ ಆಕ್ಷೇಪ ನಿಜವೇ. ಆದರೆ ಯಕ್ಷಗಾನದ ಪ್ರೇಕ್ಷಕರು ಗೊತ್ತಿರುವ ಪ್ರಸಂಗವನ್ನೇ ಮತ್ತೆ ನೋಡಲು ಹೋಗುವಂತೆ, ಈ ಓದುಗರೂ ಹೊಸತನಕ್ಕಿಂತ ನಿರೂಪಣೆಯ ಚುರುಕನ್ನೇ ಬಯಸುತ್ತಾರೆ.